ಇಂಜೆಕ್ಷನ್ ಚಟ ಇರುವ ತಮ್ಮನನ್ನು ವಿಡಿಯೋ ಕಾಲ್‌ನಲ್ಲೇ ಡಾಕ್ಟರಿಗೆ ತೋರಿಸಬಹುದಾ?

ನಿಮ್ಮ ಪ್ರಶ್ನೆಯನ್ನು ಎರಡು ಸಲ ಓದಿದೆ. ನೀವು ಕುಂದಾಪುರದಲ್ಲಿದ್ದೀರಿ, ತಮ್ಮ ಮುಂಬೈಯಲ್ಲಿ ಹೋಟೆಲ್ ಕೆಲಸದಲ್ಲಿದ್ದಾನೆ. ಅವನು ಬ್ರೌನ್ ಶುಗರ್ (ಕಲಬೆರಕೆ ಹೆರಾಯಿನ್) ಚುಚ್ಚಿಕೊಳ್ಳುತ್ತಾನೆ ಅಂತ ಮೊನ್ನೆ ಗೊತ್ತಾಯಿತು. ತೋಳಿನಲ್ಲಿ ಕುರು ಬೇರೆ ಆಗಿದೆ. ಆಸ್ಪತ್ರೆಗೆ ಹೋಗು ಅಂದರೆ ಫೋನ್ ಇಟ್ಟುಬಿಡುತ್ತಾನೆ. ಮೊಬೈಲ್‌ನಲ್ಲೇ ಡಾಕ್ಟರಿಗೆ ತೋರಿಸಿ ಚಟ ಬಿಡಿಸುವ ಮಾತ್ರೆ ಕೊಡಿಸಬಹುದಾ, ಪೊಲೀಸ್ ಕೇಸ್ ಆಗುತ್ತಾ ಅಂತ ಕೇಳಿದ್ದೀರಿ.

ತೋರಿಸಬಹುದು. ಆದರೆ ಆ ಮಾತ್ರೆ ಮಾತ್ರ ಫೋನಿನಲ್ಲಿ ಸಿಗಲ್ಲ. ಇನ್ನೊಂದು ಮಾತು, ಅವನು ರೂಮಿನಲ್ಲಿ ಒಬ್ಬನೇ ಕೂತು ಆ್ಯಪ್ ಒತ್ತಿದರೆ ಕೆಲಸ ಆಗಲ್ಲ. ಅವನು ನಂಬುವ ಒಬ್ಬರು ಪಕ್ಕದಲ್ಲಿ ಕೂತಿರಬೇಕು. ನಾನು ಒಂಬತ್ತು ವರ್ಷದಿಂದ ಮುಂಬೈಯಲ್ಲಿ ಇಂಥವರಿಗಾಗಿಯೇ ಇರುವ ಒಂದು ಸೆಂಟರ್‌ನಲ್ಲಿ ನರ್ಸ್. ಕಣ್ಣಾರೆ ನೋಡಿ ಹೇಳುತ್ತಿದ್ದೇನೆ.

ಮೊದಲು ಅವನು ಯಾಕೆ ಹೋಗಲ್ಲ ಅನ್ನೋದು. ಅದು ಹಠ ಅಲ್ಲ. ಈ ಊರಿನಲ್ಲಿ ಇಂಥವರನ್ನು ಗರ್ದುಲ್ಲಾ ಅಂತ ಕರೆಯುತ್ತಾರೆ. ಕರೆಯುವವರ ದನಿಯಲ್ಲೇ ಅಸಹ್ಯ ಇರುತ್ತದೆ. ಆಸ್ಪತ್ರೆಯಲ್ಲಿ ಬೆಳಿಗ್ಗೆ ಕೇಸ್ ಪೇಪರ್ ಮಾಡಿಸಲು ಲೈನ್ ನಿಲ್ಲಬೇಕು. ಅಷ್ಟು ಹೊತ್ತಿಗೆ ಅವರಿಗೆ ಟರ್ಕಿ ಶುರುವಾಗಿರುತ್ತದೆ. ರಾತ್ರಿ ತೆಗೆದುಕೊಂಡದ್ದು ಇಳಿದು ಮೈಕೈ ನೋವು, ಮೂಗು ಸೋರೋದು, ಭೇದಿ, ಬೆವರು, ನಡುಕ ಎಲ್ಲಾ ಒಟ್ಟಿಗೆ ಬರುವುದಕ್ಕೆ ಇಲ್ಲಿ ಟರ್ಕಿ ಅಂತಾರೆ. ಆ ಸ್ಥಿತಿಯಲ್ಲಿ ಮೂರು ಗಂಟೆ ನಿಲ್ಲಲು ಯಾರಿಗೆ ಆಗುತ್ತೆ ಹೇಳಿ?

ಯಾದಗಿರಿ ಕಡೆಯ ಒಬ್ಬರನ್ನು ನಾನೇ ಒಂದು ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದೆ. ಬಿಲ್ಡಿಂಗ್ ಕೆಲಸದವರು. ರಕ್ತ ತೆಗೆಯಲು ನರವೇ ಸಿಗಲಿಲ್ಲ. ಐದು ಸಲ ಚುಚ್ಚಿದರು. ಕೊನೆಗೆ ಅವರೇ ಮೆಲ್ಲಗೆ ಬೆರಳಿನ ಬುಡ ತೋರಿಸಿ, "ಇಲ್ಲೊಂದು ಉಳಿದಿದೆ, ಇಲ್ಲಿ ಸಿಗುತ್ತೆ" ಅಂದರು. ಅಲ್ಲಿದ್ದವರು ನಕ್ಕರು. "ಇವನಿಗೆ ಎಲ್ಲಾ ಗೊತ್ತು" ಅಂತ ಒಬ್ಬರು ಎಲ್ಲರಿಗೂ ಕೇಳುವ ಹಾಗೆ ಹೇಳಿದರು. ಅವರು ತೋಳು ಮಡಚಿಕೊಂಡು ಎದ್ದು ಹೋದರು. ಮತ್ತೆ ರಕ್ತ ಕೊಡಲು ಅವರು ಒಪ್ಪುವ ಹೊತ್ತಿಗೆ ಎಂಟು ತಿಂಗಳು ಕಳೆದಿತ್ತು. ನಿಮ್ಮ ತಮ್ಮ ಫೋನ್ ಇಡುವಾಗ ಅವನ ಮನಸ್ಸಿನಲ್ಲೂ ಇಂಥದ್ದೇನೋ ಇರಬಹುದು.

ನಾವು ವಿಡಿಯೋ ಶುರು ಮಾಡಿದ್ದು ಇದಕ್ಕೇ. ಹುಡುಗರು ಸ್ನಾನಕ್ಕೆ, ಹೊಸ ಸೂಜಿಗೆ, ಸ್ವಲ್ಪ ಹೊತ್ತು ಮಲಗಲು ನಮ್ಮಲ್ಲಿಗೆ ಹೇಗೂ ಬರುತ್ತಾರೆ. ಅಲ್ಲೇ ಕೂರಿಸಿ ಡಾಕ್ಟರಿಗೆ ತೋರಿಸುತ್ತೇವೆ. ಫೋನ್ ನಮ್ಮದು, ಯಾಕೆಂದರೆ ಅವರ ಫೋನ್ ಇವತ್ತು ಇದ್ದರೆ ನಾಳೆ ಮಾರಿಹೋಗಿರುತ್ತದೆ. ಒಟಿಪಿ ಬರುವ ನಂಬರ್ ಕೂಡ ಬದಲಾಗಿರುತ್ತದೆ. ಫೋನಿನಲ್ಲೇ ಡಾಕ್ಟರಿಗೆ ತೋರಿಸುವ ಸರ್ಕಾರದ ಇ-ಸಂಜೀವನಿ ಒಳ್ಳೆಯದೇ, ಪುಕ್ಕಟೆ. ಆದರೆ ಅದಕ್ಕೂ ಒಟಿಪಿ ಬೇಕಲ್ವಾ.

ಕುರು ನೋಡುವ ರೀತಿ ಹೇಳುತ್ತೇನೆ, ನಿಮಗೆ ಈಗ ಬೇಕಾದದ್ದು ಅದೇ. ಕಿಟಕಿ ಹತ್ತಿರ ಕೂರಿಸುತ್ತೇನೆ. ತೊಳೆದು, ಕೆಂಪಾದ ಜಾಗದ ಸುತ್ತ ಬಾಲ್‌ಪೆನ್‌ನಿಂದ ಗೆರೆ ಹಾಕುತ್ತೇನೆ. ಬೆರಳಿಂದ ಒತ್ತಿ, ಗಟ್ಟಿ ಇದೆಯಾ, ಮೆತ್ತಗೆ ಅಲುಗಾಡುತ್ತಾ ಅಂತ ಡಾಕ್ಟರಿಗೆ ಹೇಳುತ್ತೇನೆ. ಜ್ವರ ಅಳೆಯುತ್ತೇನೆ. ಮರುದಿನ ಕೆಂಪು ಗೆರೆ ದಾಟಿದ್ದರೆ ಅದು ಹಬ್ಬುತ್ತಿದೆ ಅಂತ ಅರ್ಥ. ಈ ಗೆರೆ ಹಾಕುವುದನ್ನು ನಾವು ಕಲಿತದ್ದು ಒಂದು ತಪ್ಪಿನ ನಂತರ. ಒಂದು ಸಂಜೆ ಟ್ಯೂಬ್‌ಲೈಟ್ ಬೆಳಕಿನಲ್ಲಿ ಒಬ್ಬ ಹುಡುಗನ ತೋಳು ತೋರಿಸಿದೆವು. ಕಪ್ಪು ಚರ್ಮ, ಕೆಂಪು ಕಾಣಲೇ ಇಲ್ಲ. ಜ್ವರ ನೋಡಲಿಲ್ಲ. ಮಾತ್ರೆ ಕೊಟ್ಟು ಕಳಿಸಿದೆವು. ಎರಡು ದಿನದಲ್ಲಿ ಆಪರೇಷನ್ ಆಯಿತು. ಹುಡುಗ ಉಳಿದ, ಆದರೆ ಅವನ ತೋಳಿನ ಆ ಗುಂಡಿ ನನಗೆ ಈಗಲೂ ಕಣ್ಣ ಮುಂದಿದೆ. ಕೀವು ತುಂಬಿದ್ದರೆ ಕುಯ್ದೇ ತೆಗೆಸಬೇಕು. ಅದಕ್ಕೆ ವಿಡಿಯೋ ಸಾಲಲ್ಲ.

ವಿಡಿಯೋದಿಂದ ಜಾಸ್ತಿ ಲಾಭ ಆಗುವುದು ಹೆಪಟೈಟಿಸ್ ಸಿ ವಿಷಯದಲ್ಲಿ. ಸೂಜಿ ಹಂಚಿಕೊಂಡವರಲ್ಲಿ ಇದು ತುಂಬಾ. ವರ್ಷಗಟ್ಟಲೆ ಏನೂ ಗೊತ್ತಾಗಲ್ಲ, ಒಳಗೊಳಗೇ ಲಿವರ್ ಹಾಳಾಗುತ್ತದೆ. ಔಷಧಿ ಮಾತ್ರ ಬಹಳ ಚೆನ್ನಾಗಿದೆ. 2018ರ ಜುಲೈನಲ್ಲಿ ಶುರುವಾದ ರಾಷ್ಟ್ರೀಯ ಕಾರ್ಯಕ್ರಮದಲ್ಲಿ ಉಚಿತವಾಗಿ ಕೊಡುತ್ತಾರೆ. ಸೊಫೊಸ್ಬುವಿರ್ ಮತ್ತು ಡಕ್ಲಾಟಾಸ್ವಿರ್, ದಿನಕ್ಕೊಂದು ಸಲ, ಹೆಚ್ಚಿನವರಿಗೆ 12 ವಾರ. ಪೂರ್ತಿ ತೆಗೆದುಕೊಂಡರೆ ನೂರರಲ್ಲಿ ತೊಂಬತ್ತಕ್ಕೂ ಹೆಚ್ಚು ಜನಕ್ಕೆ ವಾಸಿ. ತೊಂದರೆ ಇರುವುದು ದಾರಿಯಲ್ಲಿ. ಮೊದಲು ಬೆರಳಿನ ರಕ್ತದ ಟೆಸ್ಟ್, ಆಮೇಲೆ ವೈರಲ್ ಲೋಡ್ (ರಕ್ತದಲ್ಲಿ ವೈರಸ್ ಎಷ್ಟಿದೆ ಅನ್ನೋ ಟೆಸ್ಟ್), ಆಮೇಲೆ ಲಿವರ್ ಟೆಸ್ಟ್, ಆಮೇಲೆ ಡಾಕ್ಟರ್, ಆಮೇಲೆ ಔಷಧಿ ಕೌಂಟರ್. ಒಂದೊಂದಕ್ಕೂ ಒಂದೊಂದು ದಿನ. ಪ್ರತಿ ಸಲವೂ ಒಂದಿಷ್ಟು ಜನ ಬಿಟ್ಟು ಹೋಗುತ್ತಾರೆ.

ಅಮೆರಿಕದ ನ್ಯೂಯಾರ್ಕ್ ರಾಜ್ಯದಲ್ಲಿ ಇದನ್ನೇ ಪರೀಕ್ಷೆ ಮಾಡಿ ನೋಡಿದರು. ಚಟದ ಚಿಕಿತ್ಸೆಗೆ ಜನ ಹೇಗೂ ಬರುತ್ತಿದ್ದ 12 ಸೆಂಟರ್‌ಗಳು. ಕೆಲವರಿಗೆ ಲಿವರ್ ಡಾಕ್ಟರ್ ಹತ್ತಿರ ಹೋಗಿ ಅಂತ ಚೀಟಿ ಕೊಟ್ಟರು. ಕೆಲವರನ್ನು ಅಲ್ಲೇ ಕೂರಿಸಿ, ಅವರಿಗೆ ಪರಿಚಯ ಇರುವ ಒಬ್ಬರನ್ನು ಜೊತೆಗಿಟ್ಟು, ವಿಡಿಯೋದಲ್ಲಿ ಡಾಕ್ಟರನ್ನು ಮಾತಾಡಿಸಿದರು. 2024ರಲ್ಲಿ ಫಲಿತಾಂಶ ಬಂತು. ಚೀಟಿ ಕೊಟ್ಟು ಕಳಿಸಿದವರಲ್ಲಿ ವಾಸಿಯಾದದ್ದು ನೂರಕ್ಕೆ 40ರ ಹತ್ತಿರ. ವಿಡಿಯೋದವರಲ್ಲಿ ಸುಮಾರು 90. ಈ ಅಂತರಕ್ಕೆ ಕಾರಣ ಬರೀ ಕ್ಯಾಮೆರಾ ಅಂತ ನನಗೆ ಅನ್ನಿಸಲ್ಲ. ಪಕ್ಕದಲ್ಲಿ ಗುರುತಿನವರು ಕೂತಿದ್ದರು, ಜಾಗವೂ ಗುರುತಿನದ್ದೇ ಆಗಿತ್ತು.

ಈಗ ಆ ಮಾತ್ರೆ ವಿಷಯ. ನೀವು ಕೇಳಿರೋದು ಬುಪ್ರೆನಾರ್ಫಿನ್. ಇದು ನಿಜವಾಗಿಯೂ ಕೆಲಸ ಮಾಡುತ್ತದೆ. ಟರ್ಕಿ ನಿಲ್ಲುತ್ತದೆ, ಚುಚ್ಚಿಕೊಳ್ಳುವ ಆಸೆ ತಗ್ಗುತ್ತದೆ, ಕೆಲಸಕ್ಕೆ ಹೋಗಬಹುದು. ಆದರೆ ಇದು ಮಾದಕ ವಸ್ತುಗಳ ಕಾನೂನಾದ ಎನ್‌ಡಿಪಿಎಸ್ ಕಾಯ್ದೆಯ ಪಟ್ಟಿಯಲ್ಲಿದೆ. 2020ರ ಮಾರ್ಚ್ 25ರಂದು ಬಂದ ಟೆಲಿಮೆಡಿಸಿನ್ ನಿಯಮದಲ್ಲಿ, ಆ ಪಟ್ಟಿಯ ಔಷಧಿಯನ್ನು ಫೋನಿನಲ್ಲಿ ಬರೆದುಕೊಡುವ ಹಾಗಿಲ್ಲ ಅಂತ ಸ್ಪಷ್ಟವಾಗಿದೆ. ಯಾರಾದರೂ ಆನ್‌ಲೈನ್‌ನಲ್ಲಿ ಕೊಡಿಸುತ್ತೇವೆ ಅಂದರೆ ದುಡ್ಡು ಕಳಿಸಬೇಡಿ.

ಚುಚ್ಚಿಕೊಳ್ಳುವ ಡ್ರಗ್ಸ್ ಬದಲಿಗೆ ಇಂಥ ಔಷಧಿ ಕೊಡುವ ಓಎಸ್‌ಟಿ ಸೆಂಟರ್‌ನಲ್ಲಿ ಈ ಮಾತ್ರೆ ಉಚಿತವಾಗಿ ಸಿಗುತ್ತದೆ. ಅಲ್ಲಿ ನರ್ಸ್ ಮಾತ್ರೆ ಪುಡಿ ಮಾಡಿ ನಾಲಗೆ ಕೆಳಗೆ ಹಾಕುತ್ತಾರೆ. ಕರಗುವವರೆಗೆ ಕೂರಿಸಿ, "ನಾಲಗೆ ಎತ್ತಿ" ಅಂತ ನೋಡಿ ಕಳಿಸುತ್ತಾರೆ. ಮೊದಲ ಡೋಸ್ ಕೊಡುವುದು ಟರ್ಕಿ ಶುರುವಾದ ಮೇಲೇ. ಬ್ರೌನ್ ಶುಗರ್ ಇನ್ನೂ ಮೈಯಲ್ಲಿರುವಾಗ ಕೊಟ್ಟರೆ ಒಮ್ಮೆಲೇ ಜೋರಾಗಿ ಟರ್ಕಿ ಬರುತ್ತದೆ, ಹುಡುಗರು ಹೆದರಿ ಮತ್ತೆ ಬರುವುದೇ ಇಲ್ಲ. ಅದಕ್ಕೇ ಮೊದಲ ದಿನ ಎದುರಿಗೆ ಇರಲೇಬೇಕು. ಆದರೆ ದಿನಾ ಬನ್ನಿ ಅನ್ನುವುದನ್ನು ನಾನು ಒಪ್ಪಲ್ಲ. ಹೋಟೆಲ್ ಹುಡುಗನಿಗೆ ದಿನಾ ಬೆಳಿಗ್ಗೆ ರಜ ಯಾರು ಕೊಡುತ್ತಾರೆ? ಲಾಕ್‌ಡೌನ್‌ನಲ್ಲಿ ಹಲವು ದಿನದ ಮಾತ್ರೆ ಮನೆಗೆ ಕೊಡಲು ನ್ಯಾಕೊ (ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆ) ಅವಕಾಶ ಕೊಟ್ಟಿತ್ತು. ನಾವೂ ಕೊಟ್ಟೆವು, ದಿನಾ ಫೋನ್ ಮಾಡಿ ವಿಚಾರಿಸಿದೆವು. ನಮ್ಮ ಹುಡುಗರು ಸರಿಯಾಗಿ ನಡೆದುಕೊಂಡರು. ಶುರು ಎದುರಿಗೆ, ಮುಂದಿನದ್ದು ಫೋನಿನಲ್ಲಿ ಅನ್ನೋ ವ್ಯವಸ್ಥೆ ಎಲ್ಲಾ ಕಡೆ ಬರಬೇಕು ಅಂತ ನಾನು ಸಿಕ್ಕವರಿಗೆಲ್ಲಾ ಹೇಳುತ್ತಿರುತ್ತೇನೆ.

ಪೊಲೀಸ್ ಭಯದ ಬಗ್ಗೆ. ತಾನಾಗಿ ಚಿಕಿತ್ಸೆಗೆ ಬಂದವರಿಗೆ ಎನ್‌ಡಿಪಿಎಸ್ ಕಾಯ್ದೆಯ 64ಎ ಕಲಂ ರಕ್ಷಣೆ ಕೊಡುತ್ತದೆ. ಅದು ಸೇವನೆ ಮತ್ತು ಸಣ್ಣ ಪ್ರಮಾಣದ ವಿಷಯಕ್ಕೆ, ಮಾರಾಟಕ್ಕಲ್ಲ. ಎಚ್‌ಐವಿ ಟೆಸ್ಟ್ ಮಾಡಿಸಿದರೆ ಅದರ ಫಲಿತಾಂಶ ಗುಟ್ಟಾಗಿಡಬೇಕು ಅಂತ 2017ರ ಕಾನೂನೇ ಇದೆ. ನನಗೆ ಇದಕ್ಕಿಂತ ಚಿಂತೆ ರೂಮಿನದು. ಹೋಟೆಲ್ ಹುಡುಗರು ಒಂದು ರೂಮಿನಲ್ಲಿ ಆರೇಳು ಜನ ಇರುತ್ತಾರೆ. ಅಲ್ಲಿ ಸ್ಪೀಕರ್ ಹಾಕಿ ಮಾತಾಡಿದರೆ ಮರುದಿನ ಸೇಠ್‌ಗೆ ಗೊತ್ತಾಗುತ್ತದೆ, ಕೆಲಸ ಹೋಗುತ್ತದೆ. ನೀವೂ ಅವನಿಗೆ ವಿಡಿಯೋ ಕಾಲ್ ಮಾಡಿ ತೋಳು ತೋರಿಸು ಅನ್ನಬೇಡಿ. ಎಲ್ಲಿದ್ದೀಯ, ಪಕ್ಕದಲ್ಲಿ ಯಾರಿದ್ದಾರೆ ಅಂತ ಮೊದಲು ಕೇಳಿ.

ಇಷ್ಟು ಆದರೆ ಮಾತ್ರ ಯಾವ ಕಾಲ್‌ಗೂ ಕಾಯಬೇಡಿ: ಚಳಿಜ್ವರದ ಜೊತೆ ಎದೆನೋವು ಅಥವಾ ಉಸಿರಾಟದ ತೊಂದರೆ, ಬೆರಳು ಕಪ್ಪಾಗುವುದು, ತೊಡೆಸಂದಿಯಲ್ಲಿ ಚುಚ್ಚಿ ಕಾಲು ಊದಿಕೊಳ್ಳುವುದು. ಕರೆದರೂ ಏಳದೆ, ಉಸಿರು ನಿಧಾನವಾಗಿ, ತುಟಿ ನೀಲಿಯಾದರೆ ಅದು ಓವರ್‌ಡೋಸ್. 108ಕ್ಕೆ ಫೋನ್ ಮಾಡಿ, ಒಂದು ಮಗ್ಗುಲಿಗೆ ಮಲಗಿಸಿ, ಬಿಟ್ಟು ಹೋಗಬಾರದು. ಅವನ ಜೊತೆ ಇರುವ ಒಬ್ಬ ಹುಡುಗನಿಗಾದರೂ ಇದು ಗೊತ್ತಿರಲಿ.

ಊರಲ್ಲಿ ಮುಖ ಎತ್ತಿ ನಡೆಯಲು ಆಗುತ್ತಿಲ್ಲ ಅಂತ ಬರೆದಿದ್ದೀರಿ. 2019ರ ರಾಷ್ಟ್ರೀಯ ಸಮೀಕ್ಷೆಯ ಅಂದಾಜಿನಲ್ಲಿ ದೇಶದಲ್ಲಿ 8.5 ಲಕ್ಷ ಜನ ಡ್ರಗ್ಸ್ ಚುಚ್ಚಿಕೊಳ್ಳುತ್ತಾರೆ. ಅಷ್ಟೂ ಜನಕ್ಕೆ ಮನೆ, ಅಕ್ಕ, ತಮ್ಮ ಇದ್ದಾರೆ. ನಿಮ್ಮ ತಮ್ಮ ಇನ್ನೂ ನಿಮ್ಮ ಫೋನ್ ಎತ್ತುತ್ತಾನೆ ಅಲ್ವಾ, ಅದು ಸಣ್ಣ ವಿಷಯ ಅಲ್ಲ. ಬೈಯಬೇಡಿ. ಬಿಟ್ಟುಬಿಡು ಅಂತ ಆಣೆ ಹಾಕಿಸಬೇಡಿ. ಕುರು ನೋಯ್ತಾ ಇದೆಯಾ ಅಂತ ಕೇಳಿ, ಅದನ್ನು ತೊಳೆದು ಕಟ್ಟುವವರು ಒಬ್ಬರಿದ್ದಾರೆ, ಅಲ್ಲಿ ಯಾರೂ ಬೈಯಲ್ಲ ಅಂತ ಹೇಳಿ. ಹೆಚ್ಚಿನವರು ನಮ್ಮಲ್ಲಿಗೆ ಮೊದಲ ಸಲ ಬರುವುದು ಡ್ರೆಸ್ಸಿಂಗ್‌ಗೇ.

ನಿಮಗೆ ರಾತ್ರಿ ನಿದ್ದೆ ಬರದಿದ್ದರೆ 14416ಕ್ಕೆ ಮಾಡಿ, ಅದು ಟೆಲಿ-ಮಾನಸ್, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, ಕನ್ನಡದಲ್ಲೇ ಮಾತಾಡಬಹುದು. ತಮ್ಮನಿಗಾಗಿ ನಾಳೆ ಬೆಳಿಗ್ಗೆ 1097ಕ್ಕೆ ಫೋನ್ ಮಾಡಿ. ನ್ಯಾಕೊದ್ದು, ಉಚಿತ. ಇಂಜೆಕ್ಷನ್ ತೆಗೆದುಕೊಳ್ಳುವವರ ಸೆಂಟರ್ ಮತ್ತು ಓಎಸ್‌ಟಿ ಹತ್ತಿರ ಎಲ್ಲಿದೆ ಅಂತ ಕೇಳಿ. ಅವನ ಹೆಸರು ಹೇಳಬೇಕಾಗಿಲ್ಲ, ಹೋಟೆಲ್ ಹೆಸರೂ ಬೇಡ. ಯಾವ ಸ್ಟೇಷನ್ ಹತ್ತಿರ ಇದ್ದಾನೆ ಅಂತ ಹೇಳಿದರೆ ಸಾಕು.