ಪ್ರೊಫೆಸರರಿಗೂ ಪಾಠ ಯಾಕೆ?

ದಾವಣಗೆರೆಯಿಂದ ನಿವೃತ್ತ ಗಣಿತ ಮೇಷ್ಟ್ರೊಬ್ಬರು ಬರೆದಿದ್ದಾರೆ: ‘ಅಮೆರಿಕದ ಮೆಡಿಕಲ್ ಕಾಲೇಜುಗಳಲ್ಲಿ ಪ್ರೊಫೆಸರರಿಗೇ ವರ್ಣಭೇದದ ಬಗ್ಗೆ ತರಬೇತಿ ಕೊಡುತ್ತಾರಂತೆ. ಕಿಡ್ನಿಗೆ ಬಣ್ಣ ಇದೆಯೇ? ಇದೆಲ್ಲ ರಾಜಕೀಯ. ನಮಗಂತೂ ಸಂಬಂಧವೇ ಇಲ್ಲ.’

ಮೇಷ್ಟ್ರೇ, ನಮಸ್ಕಾರ. ಕಿಡ್ನಿಯ ಮಾತನ್ನು ನೀವೇ ಎತ್ತಿದ್ದು ಒಳ್ಳೆಯದಾಯಿತು.

ಕಿಡ್ನಿ ಎಷ್ಟು ಕೆಲಸ ಮಾಡುತ್ತಿದೆ ಎಂದು ತಿಳಿಯಲು ರಕ್ತದ ಕ್ರಿಯಾಟಿನಿನ್ (ಮಾಂಸಖಂಡದಿಂದ ಬರುವ, ಕಿಡ್ನಿ ಸೋಸಿ ಹೊರಹಾಕುವ ಕಸ), ವಯಸ್ಸು, ಗಂಡೋ ಹೆಣ್ಣೋ ಎಂಬುದನ್ನು ಒಂದು ಸೂತ್ರಕ್ಕೆ ಹಾಕುತ್ತಾರೆ. ಬರುವ ಅಂಕಿಯೇ ಇಜಿಎಫ್‌ಆರ್. ನಮ್ಮ ಲ್ಯಾಬ್ ರಿಪೋರ್ಟಿನಲ್ಲೂ ನೋಡಿರುತ್ತೀರಿ. ಅಮೆರಿಕದಲ್ಲಿ ಬಳಕೆಯಲ್ಲಿದ್ದ 2009ರ ಸೂತ್ರದಲ್ಲಿ ಇನ್ನೊಂದು ಕಲಮು ಇತ್ತು: ರೋಗಿ ಕಪ್ಪು ಜನಾಂಗದವರಾದರೆ ಬಂದ ಉತ್ತರವನ್ನು 1.159ರಿಂದ ಗುಣಿಸಬೇಕು. ಅಧ್ಯಯನಗಳಲ್ಲಿ, ಕಿಡ್ನಿ ಅಷ್ಟೇ ಕೆಲಸ ಮಾಡುತ್ತಿದ್ದರೂ ಅವರ ಕ್ರಿಯಾಟಿನಿನ್ ಸರಾಸರಿ ಜಾಸ್ತಿ ಕಂಡಿತ್ತು. ಅವರಿಗೆ ಮಾಂಸಖಂಡ ಹೆಚ್ಚು ಎಂಬ ವಿವರಣೆಯನ್ನು ಅದಕ್ಕೆ ಅಂಟಿಸಿದರು.

ಲೆಕ್ಕ ಹಾಕಿ ನೋಡಿ, ನಿಮಗೇನು ಕಷ್ಟವಲ್ಲ. ಇಬ್ಬರು ರೋಗಿಗಳು, ಇಬ್ಬರೂ ಗಂಡಸರೇ, ಒಂದೇ ವಯಸ್ಸು, ಒಂದೇ ಕ್ರಿಯಾಟಿನಿನ್. ಬಿಳಿಯರಿಗೆ 18 ಬಂತು ಅನ್ನಿ. ಕಪ್ಪು ರೋಗಿಗೆ ಅದೇ 20.9 ಆಗುತ್ತದೆ. ಡಯಾಲಿಸಿಸ್ ಶುರುವಾಗದವರಿಗೆ ಕಿಡ್ನಿ ಕಸಿಯ ಸರದಿಯಲ್ಲಿ ದಿನ ಎಣಿಸುವುದು ಈ ಅಂಕಿ 20 ಅಥವಾ ಅದಕ್ಕಿಂತ ಕೆಳಗೆ ಇಳಿದ ಮೇಲೆ. ಒಬ್ಬರು ಸರದಿ ಸೇರಿದರು, ಇನ್ನೊಬ್ಬರು ಹೊರಗೇ ಉಳಿದರು. ಇದಕ್ಕೆ ಯಾವ ಡಾಕ್ಟರೂ ಕೆಟ್ಟವರಾಗಿರಬೇಕಿಲ್ಲ. ಕಂಪ್ಯೂಟರೇ ಗುಣಿಸಿ ಕೊಡುತ್ತಿತ್ತು.

2021ರಲ್ಲಿ ಜನಾಂಗವನ್ನು ಕೈಬಿಟ್ಟ ಹೊಸ ಸೂತ್ರ ಬಂತು. ಹಳೆಯ ಸೂತ್ರದಿಂದ ಕಪ್ಪು ರೋಗಿಗಳು ಕಳೆದುಕೊಂಡಿದ್ದ ಸರದಿಯ ಕಾಲವನ್ನು 2023ರಿಂದ ವಾಪಸ್ ಸೇರಿಸುತ್ತಾ ಬಂದರು. ಸಾವಿರಾರು ಜನರಿಗೆ ಹೀಗೆ ಕಾಲ ಮರಳಿ ಸಿಕ್ಕಿತು.

ಈಗ ಪ್ರೊಫೆಸರರ ವಿಷಯಕ್ಕೆ ಬರೋಣ. ಈ ಗುಣಾಕಾರವನ್ನು ಹೇಳಿಕೊಟ್ಟವರು, ವಾರ್ಡಿನಲ್ಲಿ ಮರೆತವರನ್ನು ತಿದ್ದಿದವರು ಅವರೇ ಅಲ್ವಾ? ಹಲವು ಕಾಲೇಜುಗಳಲ್ಲಿ ಇದನ್ನು ಪ್ರಶ್ನಿಸಿದವರು ವಿದ್ಯಾರ್ಥಿಗಳು. ‘ಪುಸ್ತಕದಲ್ಲಿದೆ, ಬರ್ಕೊಳ್ಳಿ’ ಎಂದು ಮೇಷ್ಟ್ರು ಹೇಳಿಬಿಟ್ಟರೆ ಹುಡುಗರ ಪ್ರಶ್ನೆ ಅಲ್ಲಿಗೇ ಮುಗಿಯಿತು. 2016ರಲ್ಲಿ ವರ್ಜೀನಿಯಾದಲ್ಲಿ ಒಂದು ಅಧ್ಯಯನ ನಡೆಯಿತು. ಕಪ್ಪು ಜನರ ಚರ್ಮ ದಪ್ಪ ಎಂಬಂಥ ಸುಳ್ಳುಗಳಲ್ಲಿ ಒಂದನ್ನಾದರೂ ಸುಮಾರು ಅರ್ಧದಷ್ಟು ಬಿಳಿಯ ವೈದ್ಯವಿದ್ಯಾರ್ಥಿಗಳು ಮತ್ತು ರೆಸಿಡೆಂಟರು (ಆಸ್ಪತ್ರೆಯಲ್ಲಿ ತರಬೇತಿಯಲ್ಲಿರುವ ಕಿರಿಯ ಡಾಕ್ಟರುಗಳು) ನಂಬಿದ್ದರು. ನಂಬಿದವರು ಕಪ್ಪು ರೋಗಿಯ ನೋವನ್ನು ಕಡಿಮೆ ಅಂದಾಜು ಮಾಡಿದರು.

ಒಂದು ಮಾತಿಗೆ ನಾನು ನಿಮ್ಮ ಕಡೆಗೇ. ಊಟವಾದ ಮೇಲೆ ಎರಡು ತಾಸು ಸ್ಲೈಡ್ ತೋರಿಸಿ, ಸಹಿ ಹಾಕಿಸಿಕೊಂಡು ಕಳಿಸುವ ತರಬೇತಿ ಸುಮ್ನೆ ದಂಡ. ಪ್ರೊಫೆಸರರು ತಮ್ಮದೇ ನೋಟ್ಸು, ತಮ್ಮದೇ ಪ್ರಶ್ನೆಪತ್ರಿಕೆ ಮುಂದಿಟ್ಟುಕೊಂಡು ‘ಇಲ್ಲಿ ಜನಾಂಗ ಯಾಕೆ ಬಂತು?’ ಎಂದು ಕೇಳಿಕೊಳ್ಳಲಿ, ಅದು ತರಬೇತಿ.

ನಮಗೆ ಸಂಬಂಧವಿಲ್ಲ ಎಂದಿರಿ. ಕೊರೋನಾ ಕಾಲದಲ್ಲಿ ಮನೆಮನೆಯಲ್ಲೂ ಬೆರಳಿಗೆ ಸಿಕ್ಕಿಸಿಕೊಂಡೆವಲ್ಲ, ಆ ಆಕ್ಸಿಮೀಟರ್? ಅದರ ಬೆಳಕು ಚರ್ಮ ಹಾದುಹೋಗಬೇಕು. 2020ರ ಮಿಷಿಗನ್ ಅಧ್ಯಯನದಲ್ಲಿ ಮೀಟರು 92ರಿಂದ 96 ತೋರಿಸುತ್ತಿದ್ದಾಗಲೂ ರಕ್ತದ ಆಮ್ಲಜನಕ ನಿಜಕ್ಕೂ 88ಕ್ಕಿಂತ ಕೆಳಗಿದ್ದದ್ದು ಬಿಳಿಯರಲ್ಲಿ ಶೇ. 3.6 ಸಲ, ಕಪ್ಪು ರೋಗಿಗಳಲ್ಲಿ ಶೇ. 11.7 ಸಲ. ನಮ್ಮ ಊರುಗಳಲ್ಲೂ ಕಡುಗಪ್ಪು ಮೈಯವರಿಗೇನು ಕಮ್ಮಿಯೇ? ನಮ್ಮ ಕಾಲೇಜುಗಳಲ್ಲಿ ಈ ವಿಷಯವನ್ನು ಹೇಗೆ ಹೇಳಿಕೊಡುತ್ತಿದ್ದಾರೆ? ಓದುಗರಲ್ಲಿ ಡಾಕ್ಟರುಗಳಿದ್ದರೆ ಬರೆಯಿರಿ, ಮುಂದಿನ ಸಂಚಿಕೆಯಲ್ಲಿ ಹಾಕುತ್ತೇವೆ.

– ಸಂ.