ಗ್ರಾಂ ನೋಡಿ ಗಾಬರಿಯಾಗಬೇಡಿ

ಜಮಖಂಡಿಯಿಂದ ಕೇಳಿದ್ದೀರಿ: ತಂದೆಯವರಿಗೆ 68 ವರ್ಷ, ಸ್ಕ್ಯಾನಿಂಗ್‌ನಲ್ಲಿ ಪ್ರಾಸ್ಟೇಟ್ (ಗಂಡಸರ ಮೂತ್ರಚೀಲದ ಕೆಳಗಿರುವ ಗ್ರಂಥಿ) 60 ಗ್ರಾಂ ಬಂದಿದೆ, ಮಾತ್ರೆ ಸಾಕೇ, ಲೇಸರ್ ಮಾಡಿಸಬೇಕೇ ಎಂದು. ಗ್ರಾಂ ಒಂದನ್ನೇ ನೋಡಿ ತೀರ್ಮಾನಿಸಲಾಗದು. ಮೂತ್ರ ಮಾಡಿದ ಮೇಲೆ ಮೂತ್ರಚೀಲದಲ್ಲಿ ಎಷ್ಟು ಮಿಲಿ ಉಳಿಯುತ್ತಿದೆ? ವರದಿಯಲ್ಲಿ ಮೊದಲು ಅದನ್ನು ಹುಡುಕಿ.

ಇದೇ ತೊಂದರೆಯಿದ್ದ ನಮ್ಮ ತಂದೆ, ದಾರಿಯಲ್ಲಿ ಮೂತ್ರಕ್ಕೆ ಅವಸರವಾದೀತೆಂದು, ವಿಜಯಪುರದ ಬಸ್ ಹತ್ತುವ ದಿನ ಬೆಳಿಗ್ಗೆಯಿಂದ ನೀರನ್ನೇ ಮುಟ್ಟುತ್ತಿರಲಿಲ್ಲ. ಟ್ಯಾಮ್ಸುಲೋಸಿನ್ ಮಾತ್ರೆ ಶುರುವಾದ ವಾರದಲ್ಲೇ ಮೂತ್ರದ ಧಾರೆ ಸುಧಾರಿಸಿತು. ಆದರೆ ಹಾಸಿಗೆಯಿಂದ ದಿಢೀರನೆ ಎದ್ದರೆ ಗೋಡೆ ಹಿಡಿಯಬೇಕಾಗುತ್ತಿತ್ತು. ಈ ಮಾತ್ರೆ ಸ್ನಾಯುವನ್ನು ಸಡಿಲಿಸುತ್ತದೆ, ಗ್ರಂಥಿಯನ್ನು ಕುಗ್ಗಿಸುವುದಿಲ್ಲ. ಕುಗ್ಗಿಸುವುದು ಡುಟಾಸ್ಟರೈಡ್ ಎಂಬ ಇನ್ನೊಂದು ಮಾತ್ರೆ, ಆರು ತಿಂಗಳಾದರೂ ಕಾಯಬೇಕು. ಅದು ಪಿಎಸ್‌ಎ (ಪ್ರಾಸ್ಟೇಟ್‌ಗೆಂದು ಮಾಡುವ ರಕ್ತಪರೀಕ್ಷೆ) ಅಂಕಿಯನ್ನು ಸುಮಾರು ಅರ್ಧಕ್ಕೆ ಇಳಿಸುವುದರಿಂದ ಮುಂದೆ ಯಾರು ಪರೀಕ್ಷಿಸಿದರೂ ಈ ಮಾತ್ರೆಯ ವಿಷಯ ಹೇಳಲೇಬೇಕು. ಕಣ್ಣಿನ ಪೊರೆ ತೆಗೆಸುವುದಿದ್ದರೆ ಟ್ಯಾಮ್ಸುಲೋಸಿನ್ ವಿಷಯವನ್ನೂ ಹೇಳಿ.

ಮತ್ತೆ ಮತ್ತೆ ಮೂತ್ರ ಕಟ್ಟಿದರೆ, ಚೀಲದಲ್ಲಿ ಕಲ್ಲಾದರೆ, ಮೂತ್ರಪಿಂಡಕ್ಕೆ ಪೆಟ್ಟು ಬೀಳುತ್ತಿದ್ದರೆ ಶಸ್ತ್ರಚಿಕಿತ್ಸೆಯನ್ನು ಮುಂದೂಡಬಾರದು. 60 ಗ್ರಾಂಗೆ, ಮೂತ್ರನಾಳದ ಮೂಲಕವೇ ಗ್ರಂಥಿಯನ್ನು ಕೆರೆದು ತೆಗೆಯುವ ಹಳೆಯ ಟಿಯುಆರ್‌ಪಿಯೇ ಸಾಕಾಗುತ್ತದೆ. 100 ದಾಟಿದ ಗ್ರಂಥಿಗಾದರೆ ಹೋಲ್ಮಿಯಂ ಲೇಸರ್ ವಾಸಿ, ರಕ್ತಸ್ರಾವ ಕಡಿಮೆ. ಎರಡರಲ್ಲೂ ಆಮೇಲೆ ವೀರ್ಯ ಹೊರಬರದೆ ಮೂತ್ರಚೀಲಕ್ಕೆ ಹೋಗುವುದು ಸಾಮಾನ್ಯ. ತಂದೆಗೆ ಮಕ್ಕಳು ಹೇಳುವ ಮಾತಲ್ಲ ಅದು, ವೈದ್ಯರಿಂದಲೇ ಹೇಳಿಸಿ.

ಇನ್ನೊಂದು: ನೆಗಡಿಗೆಂದು ಅಂಗಡಿಯ ಮಾತ್ರೆ ಕೊಡಬೇಡಿ. ಅಂಥದ್ದೊಂದನ್ನು ನುಂಗಿದ ರಾತ್ರಿಯೇ ನಮ್ಮ ತಂದೆಗೆ ಮೂತ್ರ ಪೂರ್ತಿ ಕಟ್ಟಿ, ಬೆಳಗಿನ ಜಾವ ಮೂರಕ್ಕೆ ನಳಿಕೆ ಹಾಕಿಸಬೇಕಾಯಿತು.