ನಿಮ್ಮ ಲೇಖನ ನಾಲ್ಕನೇ ಪುಟದಲ್ಲಿ ಶುರುವಾಗುತ್ತದೆ

ನಮಸ್ಕಾರ.

'ದಿ ಫ್ಯುಜಿಟಿವ್' ಸಿನಿಮಾ ಮತ್ತು ಅದಕ್ಕೆ ಮೂಲವಾದ ಟಿವಿ ಧಾರಾವಾಹಿಯ ಬಗ್ಗೆ ನೀವು ಕಳಿಸಿದ ಲೇಖನ ಓದಿದೆ. ಈಗಿನ ರೂಪದಲ್ಲಿ ಹಾಕಿಕೊಳ್ಳಲಾರೆ. ಆದರೆ ಒಂದು ಸಾಲು ಬರೆದು ವಾಪಸ್ ಕಳಿಸುವಂಥ ಲೇಖನವೂ ಅಲ್ಲ, ಅದಕ್ಕೇ ಇಷ್ಟುದ್ದದ ಪತ್ರ.

ಮೊದಲ ಮೂರು ಪುಟ ಬರೀ ಕತೆ. ಡಾಕ್ಟರ್ ರಿಚರ್ಡ್ ಕಿಂಬಲ್‌ನ ಹೆಂಡತಿಯ ಕೊಲೆಯಾಗುತ್ತದೆ. ಒಂಟಿಗೈಯವನನ್ನು ಕಂಡೆ ಎಂದರೆ ಯಾರೂ ನಂಬುವುದಿಲ್ಲ. ಮರಣದಂಡನೆ ವಿಧಿಸಿ ಸಾಗಿಸುವಾಗ ಅಪಘಾತವಾಗಿ ತಪ್ಪಿಸಿಕೊಳ್ಳುತ್ತಾನೆ. ಓದುಗನಿಗೆ ಬೇಕಾದದ್ದು ಇಷ್ಟೇ. 1993ರ ಸಿನಿಮಾದಲ್ಲಿ ನಿರ್ದೇಶಕ ಆಂಡ್ರ್ಯೂ ಡೇವಿಸ್ ಕೊಲೆ, ಪೊಲೀಸ್ ವಿಚಾರಣೆ, ನ್ಯಾಯಾಲಯ, ತೀರ್ಪು ಎಲ್ಲವನ್ನೂ ತುಂಡು ತುಂಡು ಮಾಡಿ ಶುರುವಿನಲ್ಲೇ ಮುಗಿಸಿ ಕಿಂಬಲ್‌ನನ್ನು ಕೈದಿಗಳ ಬಸ್ಸಿಗೆ ಹತ್ತಿಸಿಬಿಡುತ್ತಾನೆ. ಅವನಿಗೇ ಅಷ್ಟು ಅವಸರವಿದ್ದಾಗ ನಿಮಗೇಕೆ ಇಷ್ಟು ಸಾವಕಾಶ?

ನಾಲ್ಕನೇ ಪುಟದ ನಡುವೆ ಒಂದು ವಾಕ್ಯ ಬರುತ್ತದೆ: 'ಧಾರಾವಾಹಿಯ ಕಿಂಬಲ್ ಊರು ಬಿಟ್ಟು ಓಡುತ್ತಾನೆ, ಸಿನಿಮಾದ ಕಿಂಬಲ್ ಊರಿಗೇ ಓಡಿ ಬರುತ್ತಾನೆ.' ಓದುತ್ತಿದ್ದವನು ನೆಟ್ಟಗೆ ಕೂತೆ. ನಿಮ್ಮ ಲೇಖನ ಇದೇ. ನೀವು ಮಾತ್ರ ಅದನ್ನು ಬರೆದು, ಅದರ ಕಡೆ ತಿರುಗಿಯೂ ನೋಡದೆ, ಮುಂದಿನ ಸಾಲಿನಲ್ಲೇ ಆಸ್ಕರ್ ಪಟ್ಟಿಗೆ ಹೋಗಿದ್ದೀರಿ. ಏಳು ನಾಮನಿರ್ದೇಶನ, ಟಾಮಿ ಲೀ ಜೋನ್ಸ್‌ಗೆ ಪೋಷಕ ನಟ ಪ್ರಶಸ್ತಿ. ಸರಿ, ಅದಕ್ಕೆ ಅರ್ಧ ಸಾಲು ಸಾಕು.

ಆ ವಾಕ್ಯವನ್ನು ಬೆಳೆಸಿ ನೋಡಿ. ಧಾರಾವಾಹಿ ಎಬಿಸಿ ವಾಹಿನಿಯಲ್ಲಿ 1963ರ ಸೆಪ್ಟೆಂಬರ್‌ನಿಂದ 1967ರ ಆಗಸ್ಟ್‌ವರೆಗೆ ನಡೆಯಿತು, ಒಟ್ಟು 120 ಕಂತು. ಪ್ರತಿ ವಾರ ಹೊಸ ಊರು, ಹೊಸ ಹೆಸರು, ಕೂಲಿನಾಲಿಯಂಥ ಒಂದು ಕೆಲಸ. ಅಲ್ಲಿಯವರ ಯಾವುದೋ ಸಂಕಟಕ್ಕೆ ಕಿಂಬಲ್ ಸಿಕ್ಕಿಕೊಳ್ಳುತ್ತಾನೆ, ಅವರಿಗೆ ಒಳ್ಳೆಯದು ಮಾಡುತ್ತಾನೆ, ಗುರುತು ಬಯಲಾಗುವ ಹೊತ್ತಿಗೆ ಜಾಗ ಖಾಲಿ ಮಾಡುತ್ತಾನೆ. ಒಂಟಿಗೈಯವನನ್ನು ಹುಡುಕುತ್ತಿದ್ದಾನೆ ಎಂಬುದು ನಿಜ, ಆದರೆ ಅವನು ಸಿಕ್ಕಿಬಿಟ್ಟರೆ ಮುಂದಿನ ವಾರ ತೋರಿಸಲು ಏನೂ ಉಳಿಯುವುದಿಲ್ಲ. ಹುಡುಕುವುದು ನೆಪ, ಸಿಗದಿರುವುದು ಕಸುಬು. ಡೇವಿಡ್ ಜಾನ್ಸೆನ್ ಆ ಪಾತ್ರವನ್ನು ತಲೆ ತಗ್ಗಿಸಿ, ಎದುರಿಗಿರುವವರ ಕಣ್ಣು ತಪ್ಪಿಸಿ ಆಡುವುದು ಇದಕ್ಕೇ. ಆ ಮನುಷ್ಯನಿಗೆ ನಾಳೆ ಎಂಬುದಿಲ್ಲ, ಮುಂದಿನ ಬಸ್ಸು ಮಾತ್ರ ಇದೆ.

ಸಿನಿಮಾಕ್ಕೆ ಇರುವುದು ಎರಡು ಗಂಟೆ ಹತ್ತು ನಿಮಿಷ. ಅಷ್ಟರಲ್ಲಿ ಹನ್ನೆರಡು ಊರು ಸುತ್ತಿಸಿದರೆ ಅದು ಕಂತುಗಳ ಕಂತೆಯಾಗುತ್ತಿತ್ತು. ಹಾಗಾಗಿ ಜೆಬ್ ಸ್ಟುವರ್ಟ್ ಮತ್ತು ಡೇವಿಡ್ ಟ್ವೋಹಿಯವರ ಚಿತ್ರಕತೆ ಓಟದ ದಿಕ್ಕನ್ನೇ ತಿರುಗಿಸಿತು. ಇಡೀ ದೇಶ ತನ್ನನ್ನು ಹುಡುಕುತ್ತಿರುವಾಗ ಹ್ಯಾರಿಸನ್ ಫೋರ್ಡ್‌ನ ಕಿಂಬಲ್ ತನ್ನನ್ನು ಎಲ್ಲರೂ ಬಲ್ಲ ಷಿಕಾಗೋಗೇ ಮರಳುತ್ತಾನೆ. ಕುಕ್ ಕೌಂಟಿ ಆಸ್ಪತ್ರೆಯಲ್ಲಿ ಕಸ ಗುಡಿಸುವವನ ವೇಷದಲ್ಲಿ ನುಗ್ಗಿ ಕೃತಕ ಕೈ ಹಾಕಿಸಿಕೊಂಡವರ ದಾಖಲೆ ತೆಗೆಯುತ್ತಾನೆ. ತಲೆಮರೆಸಿಕೊಂಡವನು ಪತ್ತೇದಾರನಾಗುವುದು ಇಲ್ಲಿ. ಅವನ ವೃತ್ತಿಯನ್ನೂ ಬದಲಿಸಿದ್ದು ಸುಮ್ಮನಲ್ಲ. ಧಾರಾವಾಹಿಯಲ್ಲಿ ಅವನು ಮಕ್ಕಳ ವೈದ್ಯ (ನೀವು ಎರಡರಲ್ಲೂ ಸರ್ಜನ್ ಎಂದು ಬರೆದಿದ್ದೀರಿ, ತಿದ್ದಿಕೊಳ್ಳಿ), ಸಿನಿಮಾದಲ್ಲಿ ರಕ್ತನಾಳಗಳ ಶಸ್ತ್ರಚಿಕಿತ್ಸಕ. ಸಿನಿಮಾದಲ್ಲಿ ಕೊಲೆಯ ಹಿಂದಿರುವ, ಔಷಧಿ ಪರೀಕ್ಷೆಯಲ್ಲಿ ಲಿವರ್ ಮಾದರಿಗಳನ್ನು ಅದಲುಬದಲು ಮಾಡಿದ ಮೋಸವನ್ನು ಹಿಡಿಯಬಲ್ಲವನೇ ಕತೆಗೆ ಬೇಕಿತ್ತು.

ನೀವು ಪೂರ್ತಿ ಬಿಟ್ಟ ದೃಶ್ಯವೊಂದಿದೆ. ಅದೇ ಆಸ್ಪತ್ರೆಯಲ್ಲಿ ಅಪಘಾತದ ಗಾಯಾಳುಗಳು ತುಂಬಿ ಗದ್ದಲವಾಗಿರುವಾಗ, ಒಬ್ಬ ಹುಡುಗನ ಎಕ್ಸ್‌ರೇ ನೋಡಿದ ಕಿಂಬಲ್ ಕೇಸ್‌ಶೀಟು ತಿದ್ದಿ ಅವನನ್ನು ನೇರ ಆಪರೇಷನ್ ಥಿಯೇಟರಿಗೆ ಮುಟ್ಟಿಸುತ್ತಾನೆ, ಅದರಿಂದಲೇ ಅನುಮಾನಕ್ಕೆ ಗುರಿಯಾಗುತ್ತಾನೆ. ಹಳೆಯ ಧಾರಾವಾಹಿಯ ಒಂದಿಡೀ ಕಂತು ಅಲ್ಲಿದೆ: ಸುಳ್ಳು ಹೆಸರು, ಕೀಳು ಕೆಲಸ, ಒಂದು ಜೀವ, ಪಲಾಯನ. ನಾಲ್ಕು ವರ್ಷ ನಡೆದ ಕಾರ್ಯಕ್ರಮಕ್ಕೆ ಸಿನಿಮಾ ತನ್ನ ಋಣ ತೀರಿಸಿದ್ದು ಆ ಕೆಲವೇ ನಿಮಿಷಗಳಲ್ಲಿ ಎಂದು ನನಗನ್ನಿಸುತ್ತದೆ. ನೀವು ಅದರ ಬದಲು ಅಣೆಕಟ್ಟಿನಿಂದ ಹಾರುವುದನ್ನು ಒಂದು ಪುಟ ವರ್ಣಿಸಿದ್ದೀರಿ. ಅದು ಎಲ್ಲರಿಗೂ ನೆನಪಿದೆ, ನಿಮ್ಮ ವರ್ಣನೆ ಬೇಕಿಲ್ಲ.

ಆದರೆ ಹಾರುವುದಕ್ಕೆ ಮುಂಚಿನ ಸುರಂಗದ ಮಾತು ಬೇಕು. 'ನನ್ನ ಹೆಂಡತಿಯನ್ನು ನಾನು ಕೊಂದಿಲ್ಲ' ಎನ್ನುವ ಕಿಂಬಲ್‌ಗೆ, ಅವನನ್ನು ಬೆನ್ನಟ್ಟಿ ಬಂದ ಅಧಿಕಾರಿ ಜೆರಾರ್ಡ್ ಹೇಳುವುದು 'ನನಗೇನು' ಎಂಬಷ್ಟೇ ಅರ್ಥದ ಮಾತು. ಬ್ಯಾರಿ ಮೋರ್ಸ್ ಆಡಿದ ಧಾರಾವಾಹಿಯ ಜೆರಾರ್ಡ್ ಹಾಗೆ ಹೇಳಲಾರ. ಕೈದಿ ತಪ್ಪಿಸಿಕೊಂಡದ್ದು ಅವನ ಕೈಯಿಂದಲೇ, ಅದು ಅವನಿಗೆ ನಾಲ್ಕು ವರ್ಷ ಒಳಗೇ ಕೊರೆಯುತ್ತದೆ. ಸಿನಿಮಾದ ಜೆರಾರ್ಡ್, ಅಂದರೆ ಟಾಮಿ ಲೀ ಜೋನ್ಸ್ ಆಡಿದ ಮಾರ್ಷಲ್‌ಗೆ (ತಪ್ಪಿಸಿಕೊಂಡವರನ್ನು ಹಿಡಿಯುವ ಅಧಿಕಾರಿ) ಇದು ಇನ್ನೊಂದು ಕೆಲಸ ಮಾತ್ರ. ಆ ನಿರ್ಲಿಪ್ತಿ ಹಂತಹಂತವಾಗಿ ಕುತೂಹಲವಾಗಿ, ಕೊನೆಗೆ ಹೆಚ್ಚುಕಮ್ಮಿ ನಂಬಿಕೆಯಾಗುವುದು ಸಿನಿಮಾದ ಎರಡನೇ ಕತೆ. ನೀವು ಇಬ್ಬರನ್ನೂ 'ಕರ್ತವ್ಯನಿಷ್ಠ ಅಧಿಕಾರಿ' ಎಂದು ಒಂದೇ ತಕ್ಕಡಿಗೆ ಹಾಕಿದ್ದೀರಿ.

ಇನ್ನೊಂದು ಮಾತು ಕೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ: ಧಾರಾವಾಹಿಯ ಕೊನೆಯ ಎರಡು ಕಂತು ನೋಡಿದ್ದೀರಾ? 1967ರ ಆಗಸ್ಟ್ 29ರ ರಾತ್ರಿ ಅಮೆರಿಕದಲ್ಲಿ ಟಿವಿ ಹಾಕಿ ಕೂತಿದ್ದ ಮನೆಗಳಲ್ಲಿ ನೂರಕ್ಕೆ 72 ಆ ಕೊನೆಯ ಕಂತನ್ನೇ ನೋಡಿದವು ಎಂಬ ಅಂಕಿ ನಿಮ್ಮಲ್ಲಿದೆ. ಕಂತಿನ ಒಳಗೇನಾಯಿತು ಎಂಬುದಿಲ್ಲ. ಕೊಲೆಯ ರಾತ್ರಿ ಆ ಮನೆಯಲ್ಲಿ ಮೂರನೆಯವನೊಬ್ಬನಿದ್ದ: ನೆರೆಮನೆಯ ಲಾಯ್ಡ್ ಚಾಂಡ್ಲರ್. ಯುದ್ಧದಲ್ಲಿ ಹೆಸರು ಮಾಡಿ ಬಂದವನು, ಕಣ್ಣೆದುರು ಕೊಲೆ ನಡೆಯುವಾಗ ಮರಗಟ್ಟಿ ನಿಂತ. ಆ ಅವಮಾನ ಹೊರಬರಬಾರದೆಂದು ಒಬ್ಬ ನಿರಪರಾಧಿಗೆ ಗಲ್ಲಾದರೂ ಆಗಲಿ ಎಂದು ಬಾಯಿ ಮುಚ್ಚಿಕೊಂಡ. ಸಿನಿಮಾದಲ್ಲಿ ಈ ಚಾಂಡ್ಲರ್ ಇಲ್ಲ. ಅವನ ಜಾಗದಲ್ಲಿ ಔಷಧಿ ಕಂಪನಿಯ ದುರಾಸೆ ಮತ್ತು ಅದಕ್ಕೆ ಕೈಜೋಡಿಸಿದ ಸ್ನೇಹಿತ ಬಂದರು, ಒಂಟಿಗೈಯವನು ಹಣಕ್ಕೆ ಕೊಲ್ಲುವ ಬಾಡಿಗೆಯವನಾದ. ಕಂಪನಿಯ ಸಂಚಿಗಿಂತ ನೆರೆಯವನ ಹೇಡಿತನ ನನ್ನನ್ನು ಹೆಚ್ಚು ಕಾಡುತ್ತದೆ. ನಿಮಗೆ ಬೇರೆ ಅನ್ನಿಸಬಹುದು, ಅನ್ನಿಸಿದರೆ ಏಕೆಂದು ಬರೆಯಿರಿ. 1967ಕ್ಕೆ ಒಬ್ಬ ಮನುಷ್ಯನ ಮೌನ ಸಾಕಾಗಿದ್ದ ಕಡೆ 1993ಕ್ಕೆ ಒಂದು ಸಂಸ್ಥೆಯೇ ಬೇಕಾಯಿತಲ್ಲ, ಅದನ್ನು ಬಿಟ್ಟು ಈ ಎರಡನ್ನೂ ಹೋಲಿಸಲಾಗುವುದಿಲ್ಲ.

ಚಿಕ್ಕಪುಟ್ಟವು. ರೈಲು ಡಿಕ್ಕಿಯ ದೃಶ್ಯ ಗ್ರಾಫಿಕ್ಸ್ ಅಲ್ಲ. ಉತ್ತರ ಕೆರೊಲಿನಾದ ಡಿಲ್ಸ್‌ಬೊರೊ ಬಳಿ ನಿಜವಾದ ರೈಲನ್ನೇ ಗುದ್ದಿಸಿ ಚಿತ್ರೀಕರಿಸಿದ್ದು. 'ನಮ್ಮೆಲ್ಲರ ಬಾಲ್ಯದ ನೆಚ್ಚಿನ ಧಾರಾವಾಹಿ' ಎಂದಿದ್ದೀರಿ. ಯಾರ ಬಾಲ್ಯ? ಅದು ಮುಗಿದಾಗ ಬೆಂಗಳೂರಿನಲ್ಲಿ ದೂರದರ್ಶನ ಕೇಂದ್ರವೇ ಇರಲಿಲ್ಲ. ಓದುಗರು ನೋಡಿಲ್ಲ ಎಂದುಕೊಂಡೇ ಬರೆಯಿರಿ, ನೋಡಿದವರ ನಾಸ್ಟಾಲ್ಜಿಯಾ ಸಾಲ ತರಬೇಡಿ. 'ರೋಚಕ', 'ಮೈನವಿರೇಳಿಸುವ' ಪುಟಕ್ಕೆರಡರಂತೆ ಇವೆ. ಎಲ್ಲ ತೆಗೆಯಿರಿ, ಒಂದನ್ನೂ ಉಳಿಸಬೇಡಿ. ಕನ್ನಡ ಧಾರಾವಾಹಿಗಳು ಏಕೆ ಸಿನಿಮಾ ಆಗುತ್ತಿಲ್ಲ ಎಂಬ ಕೊನೆಯ ಪ್ಯಾರಾ ಬೇರೆಯೇ ಲೇಖನ, ಅದಕ್ಕೆ ಇನ್ನೂ ಓದಬೇಕು. ಯಾವುದು ಮೇಲು, ಹಳೆಯದೋ ಹೊಸದೋ ಎಂಬ ಪಂಚಾಯಿತಿಯನ್ನೂ ಬಿಡಿ.

ಊರಿಗೇ ಓಡಿ ಬರುವ ಕಿಂಬಲ್‌ನಿಂದ ಶುರು ಮಾಡಿ, ಸಾವಿರದ ಇನ್ನೂರು ಪದ ದಾಟಬೇಡಿ. ಕೊನೆಯ ಎರಡು ಕಂತು ನೋಡಿದ ಮೇಲಷ್ಟೇ ಬರೆಯಲು ಕೂರಿ. ಫೋಟೋ ಕಳಿಸಬೇಕಿಲ್ಲ, ಅದನ್ನು ನಾವು ನೋಡಿಕೊಳ್ಳುತ್ತೇವೆ. ಮುಂದಿನ ತಿಂಗಳ ಸಂಚಿಕೆಯ ಪುಟಗಳು ತುಂಬಿವೆ, ಹಾಗಾಗಿ ಆತುರ ಬೇಡ. ಆದರೆ ವರ್ಷಗಟ್ಟಲೆ ಇಟ್ಟುಕೊಂಡು ಕೂರಲೂ ಬೇಡಿ.

ವಿಶ್ವಾಸದಿಂದ,
ಸಂಪಾದಕ